ಮೊದಲನೆಯ ಬೇಡ

ಕಾರಿನ ಬಾಗಿಲು ತೆಗೆಯುವುದೇ ತನಗೆ ಮರೆತುಹೋಗಿದೆಯೇನೋ ಎಂಬ ಅನುಮಾನ ಮೈಥಿಲಿಗೆ ಬಂದದ್ದು ಅಕ್ಟೋಬರಿನ ಒಂದು ಶನಿವಾರ, ಅಂಗಡಿಯ ಪಾರ್ಕಿಂಗ್ ಲಾಟಿನಲ್ಲಿ. ಚಿಕ್ಕಪ್ಪ ಕೃಷ್ಣಪ್ರಸಾದರು ಹಾಲು ತರಕಾರಿಗಳನ್ನೆಲ್ಲ ಹಿಂದೆ ತುಂಬಿ, ಸ್ಟೀರಿಂಗ್ ಮುಂದೆ ಕೂತು, ಎಂಜಿನ್ ಕೂಡ ಶುರು ಮಾಡಿದ್ದರು. ಇವಳು ಮಾತ್ರ ಕೈಚೀಲವನ್ನು ಎದೆಗವಚಿಕೊಂಡು ಬಾಗಿಲ ಹೊರಗೆ ಸುಮ್ಮನೆ ನಿಂತಿದ್ದಳು. ಚಿಕ್ಕಪ್ಪ ಗಾಜು ಇಳಿಸಿ ಬಗ್ಗಿ ನೋಡಿದರು.

"ಯಾಕಮ್ಮಾ, ಬಾಗ್ಲು ಅಂಟ್ಕೊಂಡಿದ್ಯಾ?"

"ಇಲ್ಲ ಚಿಕ್ಕಪ್ಪಾ... ಏನೋ ಯೋಚ್ನೆ."

ಯೋಚನೆ ಏನೂ ಇರಲಿಲ್ಲ. ಅಭ್ಯಾಸ. ಕಾರಿನ ಹತ್ತಿರ ಹೋದರೆ ಯಾರೋ ಬಂದು ಬಾಗಿಲು ತೆಗೆಯುತ್ತಾರೆ, ದುಪಟ್ಟಾದ ತುದಿ ಒಳಗೆ ಸೇರಿತೇ ಎಂದು ನೋಡಿ ಮೆಲ್ಲಗೆ ಮುಚ್ಚುತ್ತಾರೆ ಎಂದು ಅವಳ ಮೈಯೇ ನಂಬಿಬಿಟ್ಟಿತ್ತು. ಆ ಯಾರೋ ಎಂಬವನಿಗೆ ಒಂದು ಹೆಸರಿತ್ತು. ದಿನಾ ಡೈರಿ ಬರೆಯುವವಳಾದರೂ ಆ ಹೆಸರನ್ನು ಅವಳು ಅಲ್ಲಿಯೂ ಬರೆದಿರಲಿಲ್ಲ. ಮಳೆ ಬಂತು, ಬಸ್ಸು ತಡ, ಲೈಬ್ರರಿಯಲ್ಲಿ ಚಳಿ ಎಂದಷ್ಟೇ ಬರೆದು ಮುಚ್ಚಿಡುತ್ತಿದ್ದಳು. ಮುಂದಿನ ಭಾನುವಾರ ಅವನು ವಾಷಿಂಗ್ಟನ್ ಪಕ್ಕದ ಈ ರೆಸ್ಟನ್ ಬಿಟ್ಟು ಅಟ್ಲಾಂಟಾದ ಕಡೆಗೆ, ಲಾರೆನ್ಸ್‌ವಿಲ್ ಎಂಬ ಊರಿಗೆ ಹೊರಟುಹೋಗುವವನಿದ್ದ. ಆಮೇಲೆ ತಾನು ಹೀಗೆಯೇ ಊರಿನ ಎಲ್ಲ ಕಾರುಗಳ ಮುಂದೆ ಪೆಚ್ಚಾಗಿ ನಿಲ್ಲುತ್ತೇನೋ ಏನೋ ಎಂದುಕೊಳ್ಳುತ್ತ, ಅವಳು ಬಾಗಿಲು ತೆಗೆದು ಕೂತಳು.

ಯಶವಂತ್ ಬೆಂಗಳೂರಿನವನು. ಎರಡು ಸಾವಿರದ ಇಸವಿ ಬಂದ ಕೂಡಲೇ ಕಂಪ್ಯೂಟರುಗಳೆಲ್ಲ ತಲೆಕೆಟ್ಟು ಕೂರುತ್ತವೆ ಎಂದು ಎಲ್ಲರೂ ಹೆದರಿದ್ದ ದಿನಗಳು ಅವು. ಹಳೆಯ ಪ್ರೋಗ್ರಾಮುಗಳನ್ನು ರಿಪೇರಿ ಮಾಡಲೆಂದು ಕಂಪನಿಯೊಂದು ಅವನನ್ನು ಇಲ್ಲಿಗೆ ಕರೆಸಿಕೊಂಡಿತ್ತು. ಕನ್ನಡ ಸಂಘದವರು ಗಣೇಶನ ಹಬ್ಬಕ್ಕೆ ನಾಟಕ ಹೂಡಿದಾಗ ಅವನಿಗೆ ಮಂತ್ರಿಯ ಪಾತ್ರ ಸಿಕ್ಕಿತು. ಮೈಥಿಲಿ ಪರದೆಯ ಹಿಂದೆ ನಿಂತು, ಮರೆತವರಿಗೆ ಮಾತು ಎತ್ತಿಕೊಡುವವಳು. ಪ್ರಾಕ್ಟೀಸ್ ನಡೆಯುತ್ತಿದ್ದದ್ದು ನದಿಯಾಚೆ, ಮೇರಿಲ್ಯಾಂಡಿನ ಒಂದು ಶಾಲೆಯಲ್ಲಿ.

"ನಮ್ಮನೆ ಹುಡ್ಗೀಗೆ ಡ್ರೈವಿಂಗ್ ಬರಲ್ಲಪ್ಪಾ, ಒಂದ್ ರೈಡ್ ಕೊಟ್ಬಿಡು," ಎಂದು ಚಿಕ್ಕಮ್ಮ ಊರ್ಮಿಳಾ ಅವನಿಗೆ ಗಂಟು ಹಾಕಿದರು. ಹಾಗೆ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಪ್ರತಿ ಶನಿವಾರ ಅವನ ಹಳೆಯ ಬಿಳಿ ಕಾರು ಮನೆಯ ಮುಂದೆ ಬಂದು ನಿಲ್ಲುತ್ತಿತ್ತು. ಹಾರನ್ ಹೊಡೆಯುತ್ತಿರಲಿಲ್ಲ. ಇಳಿದು, ಬೆಲ್ ಒತ್ತಿ, ಅವಳು ಬರುವತನಕ ಮೆಟ್ಟಿಲ ಕೆಳಗೆ ನಿಂತಿರುತ್ತಿದ್ದ. ದಾರಿಯಲ್ಲಿ ರೇಡಿಯೋ ಹಾಕುವ ಮುಂಚೆಯೂ "ಹಾಕ್ಲಾ?" ಎಂದು ಕೇಳುತ್ತಿದ್ದ.

ಇದೆಲ್ಲ ಮೈಥಿಲಿಗೆ ಪುಸ್ತಕದಿಂದ ಎದ್ದು ಬಂದ ಹಾಗೆ ಕಂಡಿದ್ದರಲ್ಲಿ ಆಶ್ಚರ್ಯವಿಲ್ಲ. ಮೈಸೂರಿನಲ್ಲಿ ಬಿ.ಎ. ಮುಗಿಸಿ ವಾಷಿಂಗ್ಟನ್ನಿನಲ್ಲಿ ಎಂ.ಎ. ಮಾಡಲು ಬಂದವಳು ಆರಿಸಿಕೊಂಡ ವಿಷಯವೇ ಮಧ್ಯಯುಗದ ಯೂರೋಪಿನ ಅರಮನೆಗಳ ಶಿಷ್ಟಾಚಾರ. ಮೇಜುಬಟ್ಟೆಯಿಂದ ಬಾಯಿ ಒರೆಸಬಾರದು, ಉಪ್ಪಿನ ಬಟ್ಟಲಿಗೆ ಮಾಂಸ ಅದ್ದಬಾರದು, ಪಕ್ಕದವರ ಜೊತೆ ಒಂದೇ ಲೋಟದಲ್ಲಿ ಕುಡಿಯುವಾಗ ತುಟಿ ಒರೆಸಿಕೊಂಡು ಕುಡಿಯಬೇಕು. ಕುದುರೆ ಮೇಲೆ ಕಾದಾಡುವ ಗಂಡಸರಿಗೆ, ಊಟದ ಮನೆಯಲ್ಲಿ ಕೂರುವುದು ಹೇಗೆ, ಹೆಣ್ಣಿನ ಮುಂದೆ ನಿಲ್ಲುವುದು ಹೇಗೆ ಎಂದು ಹೇಳಿಕೊಡುವ ಪಾಠಗಳು. ಅವಳ ಮುದುಕಿ ಪ್ರೊಫೆಸರ್ ಒಮ್ಮೆ ಕೇಳಿದ್ದರು: ಈ ಗುಣಕ್ಕೆ ನಿನ್ನ ಭಾಷೆಯಲ್ಲಿ ಏನನ್ನುತ್ತಾರೆ? ಮೈಥಿಲಿ ತುಂಬ ಹೊತ್ತು ಯೋಚಿಸಿ 'ದಾಕ್ಷಿಣ್ಯ' ಎಂದಳು. ಹಾಗೆಂದರೇನು ಎಂದು ಅವರು ಕೇಳಿದಾಗ, ಹಸಿವಾಗಿದ್ದರೂ ಹಸಿವಿಲ್ಲ ಅನ್ನುವುದು ಎಂದು ಬಿಡಿಸಿ ಹೇಳಿದಳು. ಪ್ರೊಫೆಸರ್ ನಕ್ಕರು. ಅವಳು ತಮಾಷೆಗೆ ಹೇಳಿರಲಿಲ್ಲ.

ಮೈಸೂರಿನ ಸರಸ್ವತಿಪುರದ ಮನೆಯಲ್ಲಿ ಅವಳ ಅಮ್ಮ ಕಲಿಸಿದ್ದು ಅದನ್ನೇ. ಯಾರ ಮನೆಗೆ ಹೋದರೂ, ಏನು ಕೊಟ್ಟರೂ, ಮೊದಲ ಸಲ ಬೇಡ ಅನ್ನಬೇಕು. ಇನ್ನೊಮ್ಮೆ ಕೇಳಿದರೆ ಅಯ್ಯೋ ನಿಮಗ್ಯಾಕೆ ತೊಂದರೆ ಅನ್ನಬೇಕು. ಮತ್ತೂ ಕೇಳಿದರೆ ಆಗ ಕೈ ಚಾಚಬಹುದು. ಏಳು ವರ್ಷದವಳಿದ್ದಾಗ ಪಕ್ಕದ ಮನೆಯಲ್ಲಿ ಕೊಬ್ಬರಿ ಮಿಠಾಯಿಯನ್ನು ಕೇಳಿದ ತಕ್ಷಣ ತೆಗೆದುಕೊಂಡದ್ದಕ್ಕೆ ಅಮ್ಮ ಲಂಗದ ಮೇಲಿಂದಲೇ ತೊಡೆ ಚಿವುಟಿದ್ದರು. ಆ ನೋವು ಮರೆತುಹೋಗಿತ್ತು. ನಾಲಿಗೆಗೆ ಮಾತ್ರ ಪಾಠ ಅಂಟಿಕೊಂಡಿತ್ತು.

ಜುಲೈನಲ್ಲಿ ಒಂದು ಸಂಜೆ ಪ್ರಾಕ್ಟೀಸ್ ಮುಗಿಸಿ ಬರುವಾಗ ಧೋ ಎಂದು ಮಳೆ. ಮುಂದಿನ ಕಾರಿನ ಕೆಂಪು ದೀಪ ಬಿಟ್ಟರೆ ಊರು ಸುತ್ತುವ ಬೆಲ್ಟ್‌ವೇ ಹೆದ್ದಾರಿಯಲ್ಲಿ ಏನೂ ಕಾಣುತ್ತಿರಲಿಲ್ಲ. ಯಶವಂತ್ ಕಾರನ್ನು ಹೆದ್ದಾರಿಯಿಂದ ಪಕ್ಕದ ರಸ್ತೆಗೆ ಇಳಿಸಿದ. ಎದುರಿಗೆ ಕಾಫಿ ಅಂಗಡಿಯ ದೀಪ, ಗಾಜಿನ ಹಿಂದೆ ಎದುರುಬದುರು ಕೂತ ಜನ.

"ಮಳೆ ನಿಲ್ಲೋವರ್ಗೂ ಒಂದ್ ಕಾಫಿ ಕುಡಿಯೋಣ್ವಾ?"

ಅವಳಿಗೆ ಕುಡಿಯಬೇಕಿತ್ತು. ಆ ಗಾಜಿನ ಹಿಂದೆ ಕೂತು, ಬಿಸಿ ಲೋಟದ ಸುತ್ತ ಎರಡೂ ಕೈ ಇಟ್ಟುಕೊಂಡು, ಅವನು ಏನು ಹೇಳಿದರೂ ಕೇಳಬೇಕಿತ್ತು.

"ಅಯ್ಯೋ, ಬೇಡ. ನಿಮ್ಗೆ ಲೇಟಾಗತ್ತೆ."

"ಸರಿ," ಎಂದ ಅವನು. ಎಂದವನು ಕಾರನ್ನು ತಿರುಗಿಸಿಯೇಬಿಟ್ಟ.

ಅವಳು ಕಾದಳು. ಒಂದು ಸಿಗ್ನಲ್ ದಾಟಿತು, ಇನ್ನೊಂದು ದಾಟಿತು. ಇನ್ನೊಮ್ಮೆ ಕೇಳದೆ ಯಾರಾದರೂ ಇರುತ್ತಾರೆಯೇ? ಅವನು ಕೇಳಲಿಲ್ಲ. ಆಗಸ್ಟಿನ ಕೊನೆಗೆ, ಮೇರಿಲ್ಯಾಂಡಿನಲ್ಲಿ ಹಳೇ ಕಾಲದ ವೇಷ ಹಾಕಿ ಮೇಳ ನಡೆಸುತ್ತಾರಂತೆ, ಲೋಹದ ಕವಚ ತೊಟ್ಟವರು ಕುದುರೆ ಓಡಿಸಿ ಈಟಿ ಹಿಡಿದು ಎದುರಾಗುತ್ತಾರಂತೆ ಎಂದು ಅವನೇ ಸುದ್ದಿ ತಂದ. "ನಿಮ್ ಸಬ್ಜೆಕ್ಟ್ ಅಲ್ವಾ? ಹೋಗೋಣ್ವಾ?" ಎಂದ. ವರ್ಷಗಟ್ಟಲೆ ಪುಸ್ತಕದಲ್ಲೇ ನೋಡಿದ್ದನ್ನು ಕಣ್ಣಾರೆ ಕಾಣುವ ಆಸೆಗೆ ಅವಳ ಎದೆ ಹೊಡೆದುಕೊಂಡಿತು. "ಅಷ್ಟ್ ದೂರ ಸುಮ್ನೆ ಯಾಕೆ, ಬೇಡ," ಎಂದಿತು ನಾಲಿಗೆ. "ಸರಿ" ಎಂದ. ಆಫೀಸಿನ ಗೆಳೆಯರ ಜೊತೆ ಹೋಗಿ ಬಂದು, ಕುದುರೆಗಳು ಚೆನ್ನಾಗಿದ್ದವು ಎಂದು ಹೇಳಿದ.

ಆಮೇಲೆ ಅವಳು ಒಂದು ಹುಚ್ಚು ಕೆಲಸ ಮಾಡಿದಳು. ಆ ಕಾಲದಲ್ಲಿ ಹೆಂಗಸರು ತಮ್ಮ ಅಂಗಿಯ ತೋಳನ್ನು ಬಿಚ್ಚಿ ಕೊಡುತ್ತಿದ್ದರು, ಕುದುರೆ ಸವಾರ ಅದನ್ನು ಗುರುತಾಗಿ ಕಟ್ಟಿಕೊಂಡು ಕಣಕ್ಕಿಳಿಯುತ್ತಿದ್ದ ಎಂದು ಓದಿದ್ದಳು. ನಾಟಕದ ದಿನ ಮನೆಗೆ ಬಂದು ಇಳಿಯುವಾಗ ತನ್ನ ನೀಲಿ ಸ್ವೆಟರನ್ನು ಬೇಕೆಂದೇ ಸೀಟಿನ ಮೇಲೆ ಬಿಟ್ಟಳು. ಇರಲಿ ಅವನ ಹತ್ತಿರ. ಎರಡು ದಿನ ಬಿಟ್ಟು ಅವನು ಬಂದು, ಒಗೆದು ಮಡಿಸಿದ ಸ್ವೆಟರನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಚಿಕ್ಕಮ್ಮನ ಕೈಗೆ ಕೊಟ್ಟು ಹೋದ.

"ಎಂಥ ಮರ್ಯಾದಸ್ಥ ಹುಡ್ಗ ನೋಡು," ಎಂದರು ಚಿಕ್ಕಮ್ಮ.

ಮರ್ಯಾದೆ. ಅಷ್ಟೇ ಇದ್ದದ್ದು ಎಂದು ಮೈಥಿಲಿ ತೀರ್ಮಾನ ಮಾಡಿಕೊಂಡಳು. ಚಿಕ್ಕಮ್ಮನಿಗೂ ಅವನು ಹಾಗೆಯೇ ಬಾಗಿಲು ತೆಗೆಯುತ್ತಿದ್ದನಲ್ಲ. ಆದರೂ ಸ್ವೆಟರಿಗೆ ಅಂಟಿದ್ದ ಅವನ ಮನೆಯ ಸೋಪಿನ ವಾಸನೆ ಹೋಗಿಬಿಡುತ್ತದೆಂದು, ಚಳಿ ಶುರುವಾದರೂ ಅವಳು ಅದನ್ನು ತೊಡಲಿಲ್ಲ.

ಹೊರಡುವ ಭಾನುವಾರ ಅವನಿಗೆ ಈ ಮನೆಯಲ್ಲೇ ಊಟ. ಸಾಮಾನು ತುಂಬಿದ ಕಾರನ್ನು ಹೊರಗೆ ನಿಲ್ಲಿಸಿ ಬಂದ. ದಾರಿಯಲ್ಲಿ ಕ್ಯಾರೊಲಿನಾದ ಒಬ್ಬ ಗೆಳೆಯನ ಮನೆಯಲ್ಲಿ ಮಲಗಿ, ಮಾರನೆಯ ದಿನ ಮುಂದಕ್ಕೆ ಹೋಗುವುದು. ಊರ್ಮಿಳಾ ಬಿಸಿಬೇಳೆಬಾತು, ಹೋಳಿಗೆ ಮಾಡಿದ್ದರು. ಮೈಥಿಲಿ ತುಪ್ಪದ ಮಿಳ್ಳೆ ಹಿಡಿದು ಹಿಂದೆ ನಿಂತಿದ್ದಳು.

"ಸಾಕು ಆಂಟಿ. ನಿಜ್ವಾಗ್ಲೂ ಸಾಕು."

"ಸಾಕಂತೆ! ತಟ್ಟೆ ಹಿಡಿ ಸರ್ಯಾಗಿ," ಎಂದು ಚಿಕ್ಕಮ್ಮ ಇನ್ನೊಂದು ಹೋಳಿಗೆ ಹಾಕಿದರು.

"ಸುಮ್ನೆ ತಿನ್ನಪ್ಪಾ," ಎಂದರು ಕೃಷ್ಣಪ್ರಸಾದರು. "ನಾನು ಹಾರ್ಟ್ ಡಾಕ್ಟ್ರು. ಆಸ್ಪತ್ರೇಲಿ ನನ್ ಮಾತು ಎಲ್ರೂ ಕೇಳ್ತಾರೆ. ಈ ಟೇಬಲ್ ಮೇಲೆ ನನಗೂ ಸಾಕು ಅನ್ನೋ ಹಕ್ಕಿಲ್ಲ. ಈ ಹೊಟ್ಟೆ ನೋಡು, ಎಲ್ಲಾ ಇವ್ಳ ಉಪಚಾರ."

"ಉಪಚಾರ ಅಂದ್ರೆ ಹಾಗೇರೀ. ಈ ಹುಡ್ಗನ್ ಥರ ಅಲ್ಲ," ಚಿಕ್ಕಮ್ಮ ಯಶವಂತನ ಕಡೆ ಸೌಟು ತೋರಿಸಿದರು. "ಹಬ್ಬದ ದಿನ ಸಂಘದಲ್ಲಿ ಪಾಯ್ಸ ಬಡಿಸ್ತಾ ಬಂದ. ಹಾಕ್ಲಾ ಆಂಟಿ ಅಂದ. ನಾನು ಬೇಡಪ್ಪಾ ಅಂದೆ. ಹಾಗೇ ಮುಂದಕ್ಕೆ ಹೋಗೇಬಿಟ್ಟ! ತಿರುಗೀ ನೋಡ್ಲಿಲ್ಲ. ನಾನು ಆವತ್ತು ಪಾಯ್ಸ ಇಲ್ದೇ ಎದ್ದಿದೀನಿ, ಗೊತ್ತಾ?"

ಯಶವಂತನ ಮುಖ ಕೆಂಪಗಾಯಿತು. "ಸಾರಿ ಆಂಟಿ. ಅದಕ್ಕೊಂದ್ ಕತೆ ಇದೆ. ನಾನಿಲ್ಲಿಗೆ ಬಂದ್ ಹೊಸದ್ರಲ್ಲಿ ಆಫೀಸಿಗೆ ಚಿತ್ರಾನ್ನ ಮಾಡ್ಕೊಂಡ್ ಹೋಗಿದ್ದೆ. ಪಕ್ಕದಲ್ಲಿ ಕೂರೋ ಹುಡ್ಗಿಗೆ ತಗೊಳ್ಳಿ ಅಂದೆ. ನೋ ಥ್ಯಾಂಕ್ಸ್ ಅಂದ್ಲು. ಪಾಪ, ಸಂಕೋಚ ಅಂದ್ಕೊಂಡೆ. ಮತ್ತೆ ಕೇಳ್ದೆ. ಮತ್ತೆ ನೋ. ಸರಿ, ನಾನೇ ಅವಳ್ ತಟ್ಟೆಗೆ ಹಾಕ್ಬಿಟ್ಟೆ."

"ಒಳ್ಳೇ ಕೆಲ್ಸ ಮಾಡ್ದೆ," ಎಂದರು ಚಿಕ್ಕಮ್ಮ.

"ಅವಳೂ ನನ್ ಥರಾನೇ ದಾಕ್ಷಿಣ್ಯಕ್ಕೆ ಬಿದ್ದು ಒಂದ್ ಚಮಚ ತಿಂದ್ಲು ಆಂಟಿ. ಕಡ್ಲೇಕಾಯಿ ಬೀಜ ಮೈಗೆ ಆಗಲ್ವಂತೆ. ಮುಖ ಎಲ್ಲಾ ಊದ್ಕೊಂಡು, ಆಂಬುಲೆನ್ಸ್ ಬಂತು."

ಕೃಷ್ಣಪ್ರಸಾದರ ತುತ್ತು ಅರ್ಧಕ್ಕೇ ನಿಂತಿತು. "ಉಳ್ಕೊಂಡ್ಲಾ?"

"ಉಳ್ಕೊಂಡ್ಲು ಅಂಕಲ್. ಮಾರನೇ ದಿನ ಮ್ಯಾನೇಜರ್ ಕರೆದು ಹೇಳಿದ್ರು, ಇಲ್ಲಿ ಬೇಡ ಅಂದ್ರೆ ಬೇಡ, ಅದನ್ನ ನಂಬೋದೇ ಮರ್ಯಾದೆ ಅಂತ. ಆವತ್ತಿಂದ ಯಾರಿಗೇ ಆಗ್ಲಿ, ಒಂದೇ ಸಲ ಕೇಳೋದು."

ಚಿಕ್ಕಪ್ಪ, ಚಿಕ್ಕಮ್ಮ ನಗಲು ಶುರು ಮಾಡಿದರು. ಅವನೂ ನಕ್ಕ. ಆಮೇಲೆ ಹೋಳಿಗೆಯ ಅಂಚು ಮುರಿಯುತ್ತ, ತಟ್ಟೆಗೆ ಹೇಳುವವನ ಹಾಗೆ ಹೇಳಿದ: "ಒಂದೊಂದ್ಸಲ ಇನ್ನೊಮ್ಮೆ ಕೇಳ್ಬೇಕು ಅಂತ ತುಂಬಾ ಅನ್ಸತ್ತೆ. ಕೇಳಲ್ಲ."

ಮಿಳ್ಳೆಯಲ್ಲಿದ್ದ ತುಪ್ಪ ಬಾತಿನ ಮೇಲೆ ಬೀಳುವ ಬದಲು ಮೇಜಿನ ಮೇಲೆ ಬಿತ್ತು. ಮೈಥಿಲಿ ಬಟ್ಟೆ ತರುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಸಿಂಕಿನ ಅಂಚು ಹಿಡಿದು ನಿಂತಳು. ಕಾಫಿ ಅಂಗಡಿಯ ದೀಪ, ಕುದುರೆಗಳು, ಎಲ್ಲ ಕಣ್ಣ ಮುಂದೆ ಬಂದವು. ಅವನು ಅವಳ ಮಾತನ್ನು ನಂಬಿದ್ದ. ಅವಳು ಅಂದ ಒಂದೊಂದು ಬೇಡವನ್ನೂ ಬೇಡವೆಂದೇ ತೆಗೆದುಕೊಂಡು, ಮಡಿಸಿ, ಸ್ವೆಟರಿನ ಹಾಗೆ ಜೋಪಾನ ಮಾಡಿದ್ದ. ಅವಳೋ ಅವನು ಇನ್ನೊಮ್ಮೆ ಕೇಳಲೆಂದು ಪರದೆಯ ಹಿಂದೆ ಕಾದು ಕೂತಿದ್ದಳು. ಇಬ್ಬರೂ ಮರ್ಯಾದಸ್ಥರೇ. ಇಬ್ಬರ ಮರ್ಯಾದೆಯ ನಡುವೆ ಒಂದು ಬೇಸಿಗೆ ಪೂರ್ತಿ ಕಳೆದುಹೋಗಿತ್ತು.

ಊಟವಾದ ಮೇಲೆ ಎಲ್ಲರೂ ಹೊರಗೆ ಬಂದರು. ಮೇಪಲ್ ಮರದ ಕೆಂಪೆಲೆಗಳು ಕಾರಿನ ಗಾಜಿನ ಮೇಲೆ ಅಲ್ಲಲ್ಲಿ ಅಂಟಿಕೊಂಡಿದ್ದವು. ಹಿಂದಿನ ಸೀಟು ತುಂಬ ಹಾಸಿಗೆ, ಪೆಟ್ಟಿಗೆ. ಮುಂದೆ, ಅವಳು ಕೂರುತ್ತಿದ್ದ ಜಾಗದಲ್ಲಿ, ಒಂದು ರೈಸ್ ಕುಕ್ಕರ್. ಚಿಕ್ಕಮ್ಮ ಹೋಳಿಗೆಯ ಡಬ್ಬಿ ಕೊಟ್ಟವರು, "ಅಯ್ಯೋ, ಚಟ್ನಿಪುಡಿ ಮರ್ತೆ, ಇರು," ಎಂದು ಒಳಗೆ ಓಡಿದರು. "ಎಲ್ಲಿಟ್ಟಿದೀಯೋ ನಿಂಗೇ ಗೊತ್ತಿರಲ್ಲ," ಎನ್ನುತ್ತ ಚಿಕ್ಕಪ್ಪನೂ ಹಿಂದೆಯೇ ಹೋದರು.

ಯಶವಂತ್ ಬೀಗದ ಕೈಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ.

"ಮೈಥಿಲಿ, ಅಲ್ಲಿಗ್ ಹೋದ್ಮೇಲೆ ಫೋನ್ ಮಾಡ್ಲಾ ನಿಮ್ಗೆ?"

"ಅಯ್ಯೋ, ನಿಮಗ್ಯಾಕೆ ತೊಂದ್ರೆ, ಬೇ..."

ಅವಳು ಬಾಯಿ ಮುಚ್ಚುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗೆ ಬಂದಾಗಿತ್ತು.

"ಸರಿ," ಎಂದ. ನಕ್ಕ ಕೂಡ. ಆ ನಗುವಿನಲ್ಲಿ ಬೇಸರವಿತ್ತು. ಇಷ್ಟು ದಿನವೂ ಇತ್ತೇನೋ, ಅವಳು ಮುಖವೆತ್ತಿ ನೋಡಿರಲಿಲ್ಲ ಅಷ್ಟೇ. ಅವನು ಕಾರು ಹತ್ತಿ ಬಾಗಿಲು ಹಾಕಿಕೊಂಡು, ಚಟ್ನಿಪುಡಿಗಾಗಿ ಕಾಯುತ್ತ ಕೂತ.

ಮಂತ್ರಿ ಮಾತು ಮರೆತರೆ ಎತ್ತಿಕೊಡಲು ಅವಳಿದ್ದಳು. ಅವಳಿಗೆ ಎತ್ತಿಕೊಡಲು ಪರದೆಯ ಹಿಂದೆ ಯಾರೂ ಇರಲಿಲ್ಲ. ಮೈಥಿಲಿ ಕಾರಿನ ಮುಂದಿನಿಂದ ಸುತ್ತಿಕೊಂಡು ತನ್ನ ಕಡೆಯ ಬಾಗಿಲ ಹತ್ತಿರ ಹೋದಳು. ಹೋಗಿ, ಅಭ್ಯಾಸಬಲದಿಂದ, ನಿಂತಳು. ಅವನೂ ಅಭ್ಯಾಸದಿಂದಲೇ ಇಳಿದು ಬಂದು ಬಾಗಿಲು ತೆಗೆಯಲೆಂದು ಎದ್ದ. ಅವನು ಇಳಿಯುವ ಮುಂಚೆ ಅವಳೇ ಹಿಡಿಗೆ ಕೈ ಹಾಕಿ ಬಾಗಿಲು ತೆಗೆದಳು. ರೈಸ್ ಕುಕ್ಕರನ್ನು ಎತ್ತಿ, ಸೀಟಿನಲ್ಲಿ ಕೂತು, ಅದನ್ನು ತೊಡೆಯ ಮೇಲೆ ಇಟ್ಟುಕೊಂಡಳು. ದುಪಟ್ಟಾದ ತುದಿ ಹೊರಗೇ ಉಳಿಯಿತು.

ಅವನು ಗಾಬರಿಯಿಂದ ನೋಡಿದ. "ಏನಾದ್ರೂ ಬಿಟ್ಟಿದ್ರಾ ಕಾರಲ್ಲಿ?"

ಒಳಗಡೆ ಅಡುಗೆಮನೆಯಲ್ಲಿ ಡಬ್ಬಿಗಳ ಸದ್ದು. ಅವಳು ಕುಕ್ಕರನ್ನು ಗಟ್ಟಿಯಾಗಿ ಹಿಡಿದು, ನೇರವಾಗಿ ಅವನ ಮುಖವನ್ನೇ ನೋಡಿದಳು.

"ಆವತ್ತು ಮಳೇಲಿ ಕಾಫಿ ಕುಡಿಯೋಣ್ವಾ ಅಂದ್ರಲ್ಲ," ಎಂದಳು. "ನನಗೆ ಬೇಕಿತ್ತು."