ಅಡಿಯೋ, ಮೀಟರೋ

ವಿಠ್ಠಲರಾಯರನ್ನು ಹೊತ್ತವರು ಓಣಿಯ ತಿರುವು ದಾಟುವಷ್ಟರಲ್ಲಿ ಅವರ ಹಳೆಯ ವಿದ್ಯಾರ್ಥಿನಿ ವರದಾ ಪಡಸಾಲೆಗೆ ಎರಡನೆಯ ಕೊಡ ನೀರು ಸುರುವಿ ಕಸಬರಿಗೆ ಹಿಡಿದಿದ್ದಳು. ಹೆಣ ಹೋದ ಮನೆ ತೊಳೆಯಬೇಕು, ಅಳುವುದಕ್ಕೆ ಆಮೇಲೆ ಬೇಕಾದಷ್ಟು ಹೊತ್ತಿದೆ. ಜಾನಕಿಬಾಯಿ ಗಂಡನನ್ನು ಮಲಗಿಸಿದ್ದ ಜಾಗ ಒರೆಸಿ ದೀಪ ಹಚ್ಚಿದರು. ಅಲ್ಲೇ ಗೋಡೆಯ ಬದಿಗೆ ರಾಯರ ಫೋನು ಚಾರ್ಜಿಗೆ ಹಾಕಿದಂತೆಯೇ ಇತ್ತು. ಅದನ್ನು ಬಂದ್ ಮಾಡಲು ಯಾರಿಗೂ ಮನಸ್ಸು ಬಂದಿರಲಿಲ್ಲ.

ಬಾಗೇವಾಡಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಲೇ ಮುದುಕನಾದ ಮನುಷ್ಯ. ಸಂಬಳ ಅದಕ್ಕೆ, ಜೀವ ಮಾತ್ರ ಡೋಣಿ ಹೊಳೆಯ ಮೇಲೆ. ಮೇಲೆ ಎಷ್ಟು ಮಳೆಯಾದರೆ ಕೆಳಗಿನ ಯಾವ ದಾರಿ ಮುಳುಗುತ್ತದೆಂದು ಮೊದಲೇ ಹೇಳುವ ಕಂಪ್ಯೂಟರ್ ಲೆಕ್ಕವೊಂದನ್ನು, ಇಂಡಿ, ಸಿಂದಗಿ, ಮುದ್ದೇಬಿಹಾಳದಲ್ಲಿದ್ದ ಹಳೆಯ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಬರೆಯುತ್ತಿದ್ದರು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡಿ ಒಪ್ಪದೆ ಮೂಲಪ್ರತಿಗೆ ಸೇರಿಸುವಂತಿಲ್ಲ. ತಪ್ಪಿದ್ದರೆ ಬರೆದವರಿಗೇ ವಾಪಸು, ಗುಟ್ಟಾಗಿ ತಿದ್ದುವಂತಿಲ್ಲ. ಈ ಕಾನೂನು ರಾಯರಿಗೂ ಇತ್ತು. ಸಾರಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ಎನ್ನುವುದಕ್ಕೂ ಎರಡನೆಯ ನಾಲಿಗೆ ಬೇಕು ಈ ಮನುಷ್ಯನಿಗೆ ಎಂದು ಜಾನಕಿಬಾಯಿ ನಗುತ್ತಿದ್ದರು. ವಾಪಸು ಬಂದಾಗಲೆಲ್ಲ ಆ ಫೋನು ಟಿಣ್ ಎನ್ನುತ್ತಿತ್ತು, ರಾಯರು ಉಣ್ಣುವ ತಾಟು ಬಿಟ್ಟು ಏಳುತ್ತಿದ್ದರು.

*

ವರದಾ ಮೊದಲ ಸಲ ಬರೆದು ಕಳಿಸಿದಾಗ, ಮೀಟರಿನ ಲೆಕ್ಕ ಇರಬೇಕಾದಲ್ಲಿ ಅಡಿಯ ಅಂಕಿ ತುಂಬಿದ್ದಳು. ‘ಇದು ಅಡಿಯೋ ಮೀಟರೋ? ಇನ್ನೊಮ್ಮೆ ನೋಡು’ ಎಂದು ಬರೆದು ರಾಯರು ವಾಪಸು ಕಳಿಸಿದರು. ಅವಳು ಇಂಡಿಯಿಂದ ಬಸ್ಸು ಹತ್ತಿ ಬಂದು, ನೀವೇ ತಿದ್ದಬಹುದಿತ್ತಲ್ಲ, ಎಲ್ಲರಿಗೂ ಕಾಣುವಂತೆ ಯಾಕೆ ಬರೆದಿರಿ ಎಂದು ಅತ್ತಿದ್ದಳು. ರಾಯರು ಅವಲಕ್ಕಿಯ ತಾಟು ಅವಳ ಮುಂದೆ ಸರಿಸಿದರು.

"ನಾ ತಿದ್ದಿದ್ರ ಲೆಕ್ಕ ಸರಿ ಆಗ್ತಿತ್ತು. ತಪ್ಪು ನಿನ್ನ ಕೈಯಾಗ ಉಳೀತಿತ್ತಲ್ಲ, ವರದಾ."

*

ಸಂಜೆ ಸುಡುಗಾಡಿನಿಂದ ಮರಳಿದವರು ದೀಪ ನೋಡಿ, ಹೇಳದೆ ಕೇಳದೆ ಒಬ್ಬೊಬ್ಬರಾಗಿ ಹೊರಟರು. ಮುದ್ದೇಬಿಹಾಳದ ಸಿದ್ದಾರೂಢ ಮಾತ್ರ ಒದ್ದೆ ತಲೆಯಲ್ಲೇ ಕಟ್ಟೆಯ ಮೇಲೆ ವರದಾಳ ಪಕ್ಕ ಕುಳಿತ. ಅವನೂ ರಾಯರ ಶಿಷ್ಯನೇ. ಅವಳು ತನ್ನ ಫೋನು ತೋರಿಸಿದಳು. ಆಸ್ಪತ್ರೆಯ ಮಂಚದಿಂದ ರಾಯರು ಕಡೆಯದಾಗಿ ಕಳಿಸಿದ್ದು, ನೋಡಿ ಒಪ್ಪಬೇಕಾದವಳು ಅವಳು. ಬೆಳಗ್ಗೆ ಬಸ್ಸಿನಲ್ಲಿ ತೆರೆದಾಗಲೇ ಅವಳಿಗೆ ತಪ್ಪು ಕಂಡಿತ್ತು. ಹೊಳೆ ದಾಟುವ ಕೆಳಸೇತುವೆ ಎಷ್ಟು ನೀರಿಗೆ ಮುಳುಗುತ್ತದೆಂಬ ಕಡೆ, ಮೀಟರಿನ ಜಾಗದಲ್ಲಿ ಅಡಿಯ ಅಂಕಿ ಇತ್ತು. ಅದು ಸೇರಿದರೆ, ನೀರು ಆಳುದ್ದ ಹರಿದರೂ ದಾರಿ ಸುರಕ್ಷಿತ ಎಂದೇ ಲೆಕ್ಕ ಹೊಳೆಸಾಲಿನ ಊರವರಿಗೆ ಹೇಳುತ್ತಿತ್ತು.

ಸಿದ್ದಾರೂಢ ಅಂಕಿಯನ್ನು ಎರಡು ಸಲ ಓದಿ ಫೋನು ಅವಳ ಕೈಗೆ ಮರಳಿಸಿದ.

"ಇವತ್ತ ಒಪ್ಪಿ ಬಿಡ್ರಿ," ಅಂದ. "ಕಡೀದು ಅವರ ಹೆಸರಿಲೆ ಸೇರ್ಲಿ. ನಾಳೆ ನಾವ ತಿದ್ದೂನು. ಯಾರಿಗೆ ಗೊತ್ತಾಗತೈತಿ?"

ಅವಳಿಗೂ ಅದೇ ಆಸೆ. ಆಸೆಯೇನು, ಬೆಳಗಿನಿಂದ ಹತ್ತು ಸಲ ಬೆರಳು ಒಪ್ಪಿಗೆಯ ತನಕ ಹೋಗಿ ಬಂದಿತ್ತು. ವಾಪಸು ಮಾಡಿದರೆ ತಿದ್ದುವ ಕೈ ಈಗಷ್ಟೇ ಬೂದಿಯಾಗಿದೆ. ರಾಯರ ಕಡೆಯ ಕೆಲಸ ಎಂದೆಂದಿಗೂ ಹೊರಗೇ ಉಳಿಯುತ್ತದೆ. ಪಡುವಣಕ್ಕೆ ಮೋಡ ಕಪ್ಪಿಟ್ಟಿತ್ತು.

"ರಾತ್ರಿ ಮಳಿ ಬಂದ್ರ?" ಅಂದಳು ವರದಾ.

ಅವಳು ಕಣ್ಣೀರು ಒರೆಸಿಕೊಳ್ಳುತ್ತಲೇ ಬರೆದಳು: ‘ಸರ್, ಇದು ಅಡಿಯೋ ಮೀಟರೋ? ಇನ್ನೊಮ್ಮೆ ನೋಡ್ರಿ.’ ವಾಪಸು ಕಳಿಸಿದಳು.

ಒಳಗೆ ಫೋನು ಟಿಣ್ ಎಂದಿತು.

"ಏಳಬ್ಯಾಡ್ರಿ, ಉಂಡು ಆಮ್ಯಾಲ ನೋಡ್ರಿ," ಎಂದರು ಜಾನಕಿಬಾಯಿ, ರೂಢಿಯಿಂದ.

ವರದಾ ಬಾಗಿಲಿಗೆ ಬಂದು ನಿಂತಳು. ಜಾನಕಿಬಾಯಿ ಬಾಯಿಗೆ ಸೆರಗು ಒತ್ತಿಕೊಂಡು ಕುಳಿತಿದ್ದರು. ಸ್ವಲ್ಪ ಹೊತ್ತಿಗೆ ಅದೇ ಸೆರಗಿನಿಂದ ಫೋನಿನ ಗಾಜು ಒರೆಸಿ, ದೀಪದ ಕಾವು ತಾಗದಂತೆ ಈಚೆಗೆ ಸರಿಸಿ ಇಟ್ಟರು.