ಮಧ್ಯಾಹ್ನದ ಮಂಜು

ಮತ್ತೆ ಬಂತು, ಟ್ಯೂಬ್‌ಲೈಟಿನ ಸುತ್ತ ನೀಲಿ ಹೊಗೆ, ಮ್ಯಾನೇಜರರ ಕನ್ನಡಕದ ಮೇಲೂ, ಮೇಜಿನ ಕಾಗದದ ಮೇಲೂ — ಮಧ್ಯಾಹ್ನ ಮೂರಾದರೆ ಹೀಗೇ, ಈ ಎರಕದ ಕಾರ್ಖಾನೆಗೆ ಸೇರಿ ಹನ್ನೊಂದು ವರ್ಷವಾಯಿತು, ಮರಳಿನ ಅಚ್ಚಿಗೆ ಗ್ಯಾಸ್ ಬಿಟ್ಟರೆ ಒಂದೇ ಉಸಿರಿಗೆ ಅದು ಕಲ್ಲಾಗುತ್ತದೆ, ಮಷಿನ್ನಿನ ಬಾಗಿಲು ತೆರೆದರೆ ಕೊಳೆತ ಮೀನಿನ ನಾತ ಮೂಗಿಗೆ ಬಡಿಯುತ್ತದೆ, ಗಂಟಲುರಿ, ಕಣ್ಣುರಿ, ಆಮೇಲೆ ಕಣ್ಣಿಗೆ ಈ ಮಂಜು. ಮನೆಯಲ್ಲಿ ಮಗಳು ದಿಂಬು ಎತ್ತಿಕೊಂಡು ಅತ್ತ ಸರಿಯುತ್ತಾಳೆ, ಅಮ್ಮಾ ಸ್ನಾನ ಮಾಡಿದ್ಯಾ, ಮಾಡ್ದೆ ಕಣೇ, ಎರಡು ಸಲ ಮಾಡ್ದೆ, ಇನ್ನೇನು ಚರ್ಮ ಸುಲಿದು ಒಗೆದು ಹಾಕಲಾ? ಬೆಳಿಗ್ಗೆ ಏಳುವಾಗ ಕಣ್ಣು ತಿಳಿಯಾಗಿರುತ್ತದೆ, ಅದೇ ತೊಂದರೆ, ಕಂಪನಿ ಡಾಕ್ಟರು ಟಾರ್ಚ್ ಹಾಕಿ ನೋಡುವುದೂ ಬೆಳಿಗ್ಗೆಯೇ, ಏನೂ ಇಲ್ಲಮ್ಮ, ವಯಸ್ಸು ಅಷ್ಟೇ — ಮೂವತ್ತೆಂಟಕ್ಕೇ ವಯಸ್ಸಾಯಿತಂತೆ.

ಇಲ್ಲೊಂದು ಸೈನ್ ಹಾಕಮ್ಮ, ಮ್ಯಾನೇಜರರ ದನಿಯಲ್ಲಿ ಬೆಣ್ಣೆ. ಅಕ್ಷರಗಳು ಇರುವೆ ಸಾಲಿನ ಹಾಗೆ ಹರಿದಾಡುತ್ತಿವೆ, ಓದಿ ಹೇಳಿ ಸಾರ್, ಕಣ್ಣು ಮಂಜು. ಅವರು ಕೆಮ್ಮಿ ಓದುತ್ತಾರೆ, ನಿನ್ನೆ ವಿಭಾಗದಲ್ಲಿ ಗ್ಯಾಸ್ ಸೋರಿಕೆ ಇರಲಿಲ್ಲ, ಸದರಿ ಕೆಲಸಗಾರ್ತಿ ತನ್ನ ಅಜಾಗರೂಕತೆಯಿಂದ ಬಿದ್ದಿರುತ್ತಾಳೆ. ಸದರಿ ಕೆಲಸಗಾರ್ತಿ! ಅಕ್ಕ, ಪಕ್ಕದ ಮಷಿನ್ನಿನವಳು, ಒಡಹುಟ್ಟಿದವಳಲ್ಲ, ಆದರೂ ನನಗೆ ಹೆರಿಗೆಯಾದಾಗ ನನ್ನ ಜಾಗ ಕೈತಪ್ಪದಿರಲೆಂದು ಎರಡು ಪಾಳಿ ದುಡಿದವಳು, ಫಿಟ್ಟರ್‌ಗೆ ಹೇಳಿ ಹೇಳಿ ಸಾಕಾಗಿ ನಿನ್ನೆ ಸೋರುವ ಗ್ಯಾಸ್ ಪೈಪಿನ ಜಾಯಿಂಟ್ ಬಿಗಿ ಮಾಡಲು ತಾನೇ ಏಣಿ ಹತ್ತಿದಳು, ಬೇಡ ಇಳಿ ಅಕ್ಕ, ಸುಮ್ನಿರೇ, ಈ ನಾತಕ್ಕೆ ಇವತ್ತೊಂದು ಗತಿ ಕಾಣಿಸ್ತೀನಿ — ಕಾಣಿಸಿದಳು, ಇಳಿಯುವಾಗ ಮಂಜು ಕವಿದಿರಬೇಕು, ಇಲ್ಲದ ಮೆಟ್ಟಿಲ ಮೇಲೆ ಕಾಲಿಟ್ಟಳು. ಸೊಂಟ ಮುರಿದಿದೆ, ಇನ್ನು ನಡೆಯೋದು ಕಷ್ಟ ಅಂದರಂತೆ ಆಸ್ಪತ್ರೆಯಲ್ಲಿ. ಹಾಕಮ್ಮ, ನಿನಗ್ಯಾಕೆ ಊರ ಉಸಾಬರಿ, ಪ್ಯಾಕಿಂಗಿಗೆ ಹಾಕ್ತೀನಿ ನಿನ್ನ, ಅಲ್ಲಿ ವಾಸನೆಯೇ ಇಲ್ಲ. ವಾಸನೆಯಿಲ್ಲದ ಜಾಗ — ಮಗಳು ಮಗ್ಗುಲಲ್ಲೇ ಮಲಗಿಯಾಳು, ಸುಸ್ತಾಗಿದೆ, ಒಂದು ಗೀಟು ಎಳೆದರೆ ಮುಗಿಯಿತು, ಪೆನ್ನು ಹಿಡಿದಿದ್ದೇನೆ, ಇಲ್ಲ, ಕೆಳಗಿಟ್ಟಿದ್ದೇನೆ, ಸೋರ್ತಿತ್ತು ಸಾರ್, ನನ್ನ ಬಾಯೇ ಅಂದಿತೇ, ಸೋರ್ತಿತ್ತು ಅಂತ ಬರೀರಿ, ಸೈನ್ ಹಾಕ್ತೀನಿ. ಅವರು ಏನೋ ಅನ್ನುತ್ತಿದ್ದಾರೆ, ನಾಳೆಯಿಂದ ಬರೋದು ಬೇಡ, ಗೇಟು, ಕಾರ್ಡು, ಏನೇನೋ, ಕಿವಿಗೆ ಇಳಿಯುತ್ತಿಲ್ಲ, ಅಕ್ಕನನ್ನು ಎತ್ತಿಕೊಂಡು ಹೋದ ಮೇಲೆ ನಾನು ತಲೆಯೆತ್ತಿ ನೋಡಿದ್ದೆ, ಏಣಿಯ ತುದಿಯಿಂದ ಮೂರನೇ ಮೆಟ್ಟಿಲಿಗೆ ಸಿಕ್ಕಿಕೊಂಡ ಅವಳ ಚಪ್ಪಲಿ, ಒಂದೇ ಒಂದು, ಉಂಗುಟ ಕಿತ್ತದ್ದು, ಇನ್ನೂ ಯಾರೂ ತೆಗೆದಿಲ್ಲ, ಇಷ್ಟು ಮಂಜಿನಲ್ಲೂ ಅದೊಂದೇ ನಿಚ್ಚಳ, ಆ ಚಪ್ಪಲಿ, ಮೂರನೇ ಮೆಟ್ಟಿಲು, ಆ ಚಪ್ಪಲಿ