ಹದಿನೇಳನೇ ನಿಯಮದ ಕೊನೆಯ ಸಾಲು

ನಾರ್ಮನ್ ಗ್ರೀನ್‌ವುಡ್‌ನ ಕಟ್ಟಿಸಿದ ಹಲ್ಲು ಮುರಿದದ್ದು ಶನಿವಾರ ಬೆಳಿಗ್ಗೆ ಎಂಟೂವರೆಗೆ, ಕಾಕಂಬಿಯ ಟಾಫಿ ಜಗಿಯುವಾಗ. ಕಾರ್ನೆಟ್ ಎಂಬ ಸಣ್ಣ ಕಹಳೆ ಊದುವವನು ಸ್ಪರ್ಧೆಯ ದಿನ ಟಾಫಿಯ ಹತ್ತಿರ ಸುಳಿಯಬಾರದು ಎಂಬುದು ಹ್ಯಾರೋಕ್ಲಫ್ ಊರಿನ ತೊಟ್ಟಿಲ ಕೂಸಿಗೂ ಗೊತ್ತು. ಮೂವತ್ತು ವರ್ಷ ಊರ ಬ್ಯಾಂಡಿನಲ್ಲಿ ಊದಿದ ನಾರ್ಮನ್‌ಗೂ ಗೊತ್ತಿತ್ತು. ಆದರೆ ಡಬ್ಬಿಯ ತಳದಲ್ಲಿ ಒಂದೇ ಒಂದು ಉಳಿದಿತ್ತು. ಬಾಯಿಚಪಲ ಯಾರನ್ನು ಬಿಟ್ಟಿದೆ!

ಆ ಹೊತ್ತಿಗೆ ಮೇವಿಸ್ ಹೋರ್ಸ್‌ಫಾಲ್ ಟೌನ್ ಹಾಲಿನ ಬಾಗಿಲಲ್ಲಿ ಮೇಜು ಹಾಕಿಕೊಂಡು ಕೂತಾಗಿತ್ತು. ಕಣಿವೆಯ ಬ್ಯಾಂಡ್ ಸ್ಪರ್ಧೆಗಳಲ್ಲಿ ಇಪ್ಪತ್ತೆರಡು ವರ್ಷದಿಂದ ಸಹಿ ನೋಡುವ ಕೆಲಸ ಅವಳದು. ಊದುವ ಪ್ರತಿಯೊಬ್ಬರಿಗೂ ಒಂದು ಕಾರ್ಡು. ವೇದಿಕೆ ಹತ್ತುವ ಮುನ್ನ ಅವಳೆದುರಿಗೆ ಸಹಿ ಹಾಕಬೇಕು, ಹಳೆಯದಕ್ಕೆ ಹೊಸದು ತಾಳೆಯಾಗಬೇಕು. ಒಂದು ಬ್ಯಾಂಡಿನವರು ಇನ್ನೊಂದು ಬ್ಯಾಂಡಿಗೆ ಊದುವಂತಿಲ್ಲ. ತೀರ್ಪುಗಾರನನ್ನಂತೂ ಹಾಲಿನ ನಡುವೆ ಪರದೆ ಕಟ್ಟಿದ ಗೂಡಿನಲ್ಲಿ ಕೂರಿಸಿರುತ್ತಾರೆ. ಅವನು ಕೇಳಬಹುದು, ನೋಡುವಂತಿಲ್ಲ. ಹೀಗಾಗಿ ಕಳ್ಳರನ್ನು ಹಿಡಿಯುವ ಕಣ್ಣು ಇದ್ದದ್ದು ಮೇವಿಸ್‌ಗೆ ಮಾತ್ರ. ಬೆನ್ನ ಹಿಂದೆ ಜನ ಅವಳನ್ನು 'ಪೊಲೀಸ್ ಠಾಣೆ' ಎನ್ನುತ್ತಿದ್ದರು. ಅದು ಅವಳ ಕಿವಿಗೂ ಬಿದ್ದಿತ್ತು, ಒಳಗೊಳಗೇ ಖುಷಿಯೂ ಆಗಿತ್ತು.

ಇವತ್ತು ಮಾತ್ರ ಕಾರ್ಡುಗಳನ್ನು ಎರಡೆರಡು ಸಲ ಎಣಿಸಿದ್ದಳು. ಹ್ಯಾರೋಕ್ಲಫ್ ಬ್ಯಾಂಡ್ ಮಾಸ್ಟರ್ ಎಂದರೆ ಅವಳ ಗಂಡ ವಿಲ್ಫ್. ಮೂವತ್ತೊಂದು ವರ್ಷ ಕೋಲು ಬೀಸಿದವನಿಗೆ ಇದು ಕೊನೆಯ ಸ್ಪರ್ಧೆ. ಎಂಟು ಬ್ಯಾಂಡುಗಳಲ್ಲಿ ಐದನೆಯ ಸ್ಥಾನದೊಳಗೆ ಬಂದರೆ ಬ್ಯಾಂಡು ಮೂರನೇ ದರ್ಜೆಯಲ್ಲೇ ಉಳಿಯುತ್ತದೆ, ಇಲ್ಲವಾದರೆ ನಾಲ್ಕಕ್ಕೆ ಇಳಿಯುತ್ತದೆ. "ನನ್ ಕೈಗೆ ಬಂದಾಗ ಮೂರರಲ್ಲಿತ್ತು, ಬಿಟ್ಟು ಹೋಗುವಾಗ್ಲೂ ಮೂರರಲ್ಲೇ ಇರ್ಬೇಕು ಕಣೇ. ಇನ್ನೇನೂ ಬೇಡ ನಂಗೆ," ಎಂದು ಬೆಳಗಿನ ಚಹಾ ಮುಗಿಯುವುದರೊಳಗೆ ಮೂರು ಸಲ ಹೇಳಿದ್ದ. ಮೇವಿಸ್‌ಗೂ ಅದೇ ಬೇಕಿತ್ತು. ಕಲ್ಲಿನಂಥವಳು ಎಂದು ಜನ ಅಂದುಕೊಂಡರೆ ಅಂದುಕೊಳ್ಳಲಿ, ಗಂಡ ತಲೆ ತಗ್ಗಿಸಿ ಮನೆಗೆ ಬರುವುದನ್ನು ನೋಡಲು ಅವಳಿಗೆ ಮನಸ್ಸಿರಲಿಲ್ಲ.

ಹನ್ನೊಂದಕ್ಕೆ ಹ್ಯಾರೋಕ್ಲಫ್‌ನವರು ಸಾಲಾಗಿ ಬಂದರು. ಇಪ್ಪತ್ತಮೂರು ಜನ ಸಹಿ ಹಾಕಿ ಒಳಗೆ ಹೋದರು. ಇಪ್ಪತ್ತನಾಲ್ಕನೆಯವನ ಮೈಮೇಲೆ ನಾರ್ಮನ್‌ನ ಕೆಂಪು ಕೋಟಿತ್ತು. ಕೋಟಿನೊಳಗೆ ನಾರ್ಮನ್ ಇರಲಿಲ್ಲ.

"ಇವ್ರು ನಾರ್ಮನ್," ಎಂದ ವಿಲ್ಫ್, ಮುಖದ ಒಂದು ಗೆರೆಯೂ ಅಲುಗದಂತೆ.

ಮೇವಿಸ್ ನಾರ್ಮನ್‌ನ ಮದುವೆಯಲ್ಲಿ ಕೇಕು ಹಂಚಿದವಳು. ನಾರ್ಮನ್ ಕುಳ್ಳಗೆ, ಗುಂಡಗೆ ಕುಂಬಳಕಾಯಿಯ ಹಾಗಿದ್ದಾನೆ. ಈ ಮನುಷ್ಯ ಬಾಗಿಲ ಎತ್ತರಕ್ಕಿದ್ದ, ಕೋಟಿನ ತೋಳು ಮೊಣಕೈಯಿಂದ ನಾಲ್ಕು ಬೆರಳು ಕೆಳಗೇ ಮುಗಿದುಹೋಗಿತ್ತು.

"ಒಂದೇ ವಾರದಲ್ಲಿ ಚೆನ್ನಾಗಿ ಬೆಳೆದಿದಾರೆ," ಎಂದಳು ಮೇವಿಸ್.

ವಿಲ್ಫ್ ಮೇಜಿನ ಮೇಲೆ ಬಾಗಿ ಪಿಸುಗುಟ್ಟಿದ. "ಹಲ್ಲು ಮುರ್ಕೊಂಡ ಕಣೇ, ಟಾಫಿ ತಿಂದು! ಇವ್ರು ಡೆಸ್ಮಂಡ್ ಅಂತ, ಗುಡ್ಡದಾಚೆ ಬ್ಯಾಂಡಿನೋರು. ನಾರ್ಮನ್ ಸಹಿನ ಬಸ್ಸಲ್ಲೇ ಕೂತು ಕಲ್ತಿದಾರೆ, ಅಚ್ಚು ಒತ್ತಿದ ಹಾಗೆ ಬರುತ್ತೆ. ಟೋಪಿ ಹಾಕಿದ್ಮೇಲೆ ಕಾರ್ನೆಟ್ ಊದೋರೆಲ್ಲಾ ಒಂದೇ ಥರ ಕಾಣ್ತಾರೆ. ನೀನೊಬ್ಳು ಒಂದು ಕಣ್ಣು ಮುಚ್ಚಿಬಿಡು, ಆಯ್ತು."

"ಯಾವ ಕಣ್ಣು ಅಂತ ಹೇಳಿ ಹೋರ್ಸ್‌ಫಾಲ್ ಅವರೇ. ಎರಡಕ್ಕೂ ಕನ್ನಡಕ ಇದೆ." ಮೇಜಿನ ಹಿಂದೆ ಕೂತಾಗ ಅವಳಿಗೆ ಗಂಡನೂ ಬಹುವಚನವೇ.

ಅವರ ಹಿಂದೆ ನಾಲ್ಕನೇ ದರ್ಜೆಯ ಸಾಲು ಶುರುವಾಗಿತ್ತು. ಎಲ್ಲರಿಗಿಂತ ಮುಂದೆ ಆಕ್ಸ್‌ಲೀ ಬ್ರಿಜ್ ಬ್ಯಾಂಡಿನ ಕಾರ್ಯದರ್ಶಿ ಐವಿ ಕ್ರಾಬ್‌ಟ್ರೀ ಕೈಕಟ್ಟಿ ನಿಂತಿದ್ದಳು. ಹೋದ ವರ್ಷ ಅವಳ ಬ್ಯಾಂಡಿನಲ್ಲಿ ದೊಡ್ಡ ಕಹಳೆ ಊದುವವನಿಗೆ ಜ್ವರ ಬಂದು, ಐವಿ ತನ್ನ ಭಾವನನ್ನು ಅವನ ಹೆಸರಿನಲ್ಲಿ ತಂದಿದ್ದಳು. ಮೇವಿಸ್ ಹಿಡಿದುಬಿಟ್ಟಳು. ಒಬ್ಬ ಕಮ್ಮಿಯಾಗಿ ಊದಿದ ಬ್ಯಾಂಡು ನಾಲ್ಕಕ್ಕೆ ಇಳಿಯಿತು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಮೇವಿಸ್ ಕಾರ್ಡನ್ನು ಮುಂದೆ ತಳ್ಳಿ, ಎಲ್ಲರನ್ನೂ ಕೇಳುವ ಮಾತನ್ನೇ ಕೇಳಿದಳು. "ಸಹಿ ಹಾಕೋ ಮುಂಚೆ ಕೇಳ್ತಿದೀನಿ. ನೀವು ನಾರ್ಮನ್ ಗ್ರೀನ್‌ವುಡ್ ತಾನೇ?"

ಆ ಉದ್ದನೆಯ ಮನುಷ್ಯ ಪೆನ್ನು ಹಿಡಿದ. ಅವಳ ಕನ್ನಡಕ ನೋಡಿದ. ಪೆನ್ನು ಕೆಳಗಿಟ್ಟ. "ಅಲ್ಲಮ್ಮಾ. ಹಾಳಾದ್ದು, ಸಹಿ ಮಾತ್ರ ತುಂಬಾ ಚೆನ್ನಾಗಿ ಬಂದಿತ್ತು," ಎಂದ ಬೇಸರದಿಂದ.

"ಹಾಗಾದ್ರೆ ಇವರು ಊದೋ ಹಾಗಿಲ್ಲ."

ವಿಲ್ಫ್‌ನ ಮುಖ ಸುಣ್ಣದಂತಾಯಿತು. ಪಿಸುಮಾತೂ ಮರೆತುಹೋಯಿತು. "ಬೇರೆ ದಾರೀನೇ ಇಲ್ವಾ ಮೇವಿಸ್?"

ದಾರಿ ಇತ್ತು. ನಿಯಮದ ಪುಸ್ತಕದ ಹದಿನೇಳನೇ ನಿಯಮದ ಕೊನೆಯ ಸಾಲಿನಲ್ಲೇ ಇತ್ತು: ಸ್ಪರ್ಧೆಯ ದಿನ ಯಾರಿಗಾದರೂ ಮೈ ಸರಿಯಿಲ್ಲದೆ ಹೋದರೆ, ಮೇಜಿನ ಬಳಿ ಬಂದು ಹೇಳಿ, ಬೇರೆ ಬ್ಯಾಂಡಿನ ಒಬ್ಬರನ್ನು ಅವರ ಸ್ವಂತ ಹೆಸರಿನಲ್ಲೇ ಎರವಲು ಪಡೆಯಬಹುದು. ಅಷ್ಟೇ. ಕಳ್ಳಸಹಿ ಕಲಿಯುವ ಬದಲು ಬಾಯಿಬಿಟ್ಟು ಕೇಳಿದ್ದರೆ ಮುಗಿದುಹೋಗುತ್ತಿತ್ತು. ಆ ಪುಸ್ತಕವನ್ನು ಕೊನೆಯ ಪುಟದವರೆಗೆ ಓದಿದವಳು ಇಡೀ ಕಣಿವೆಯಲ್ಲಿ ಮೇವಿಸ್ ಒಬ್ಬಳೇ.

ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಗಲೇ ಐವಿಯ ಕಣ್ಣು ಅವಳ ಕಣ್ಣಿಗೆ ಸಿಕ್ಕಿತು. ಹೋದ ವರ್ಷ ಇದೇ ಮೇಜಿನೆದುರು, ಮೂಗು ಒರೆಸಿಕೊಳ್ಳುತ್ತ ಐವಿ ಕೇಳಿದ್ದೂ ಇದನ್ನೇ: ಬೇರೆ ದಾರೀನೇ ಇಲ್ವಾ ಮೇವಿಸ್? ತಾನು ಕೊಟ್ಟ ಉತ್ತರವೂ ನೆನಪಾಯಿತು. ಆಗ ಅದನ್ನು ಹೇಳಿ ಎಷ್ಟು ಬೀಗಿದ್ದಳು! ಈಗ ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ನಿಯಮದ ಪುಸ್ತಕ ಮನೆಗೇ ಕಳಿಸಿದೀವಲ್ಲ," ಎಂದಳು ಗಂಡನಿಗೂ, ಅದೇ ಉತ್ತರ. "ಓದ್ಕೊಳ್ಳಿ."

ಐವಿಯ ಹುಬ್ಬು ಮೇಲೇರಿತು. ವಿಲ್ಫ್ ಒಂದು ಗಳಿಗೆ ಹೆಂಡತಿಯನ್ನೇ ನೋಡಿ, "ನಲವತ್ತು ವರ್ಷದ ಸಂಸಾರಕ್ಕೆ ಒಳ್ಳೇ ಬಹುಮಾನ ಕೊಟ್ಟೆ," ಎಂದು ಒಳಗೆ ನಡೆದ.

ನಾರ್ಮನ್ ಒಬ್ಬನೇ ಊದಬೇಕಿದ್ದ ಭಾಗವನ್ನು ಎರಡನೇ ಕಾರ್ನೆಟ್‌ನ ಪೋಲೀನ್ ಊದಿದಳು. ಶಾಲೆಯ ಮುಂದೆ ಮಕ್ಕಳನ್ನು ರಸ್ತೆ ದಾಟಿಸುವ ಹೆಂಗಸು ಅವಳು, ಲಾರಿಗಳನ್ನು ನಿಲ್ಲಿಸುವಾಗ ಇಲ್ಲದ ನಡುಕವೆಲ್ಲ ಅವತ್ತು ಬಂದಿತ್ತು. ಮೇವಿಸ್ ಬಾಗಿಲ ಸಂದಿಯಿಂದ ಕೇಳಿದಳು. ಮೊದಲು ಚೆನ್ನಾಗಿಯೇ ಹೋಯಿತು, ಎಷ್ಟು ಚೆನ್ನಾಗಿ ಎಂದರೆ ಮೇವಿಸ್‌ಗೆ ಉಸಿರಾಡುವುದೇ ಮರೆತಿತ್ತು. ಕೊನೆಯ ಎತ್ತರದ ಸ್ವರ ಮಾತ್ರ ಒಡೆಯಿತು. ವಿಲ್ಫ್ ಕೋಲು ನಿಲ್ಲಿಸಲಿಲ್ಲ, ಪೋಲೀನ್‌ಳತ್ತ ನೋಡಿ ನಕ್ಕ. ಮೇವಿಸ್‌ಗೆ ಆಗ ಅಳು ಬಂತು.

ಸಂಜೆ ಐದಕ್ಕೆ ಫಲಿತಾಂಶ ಬಂತು. ಹ್ಯಾರೋಕ್ಲಫ್ ಆರನೆಯದು, ಐದನೆಯವರಿಗಿಂತ ಒಂದೇ ಒಂದು ಅಂಕ ಕಮ್ಮಿ. ತೀರ್ಪುಗಾರ ಚೀಟಿಯಲ್ಲಿ ಬರೆದಿದ್ದ: 'ಕಾರ್ನೆಟ್ ಊದಿದವರು ಯಾರೋ ತಿಳಿಯದು, ಧೈರ್ಯವಂತರು.'

ಜನ ಕುರ್ಚಿ ಪೇರಿಸತೊಡಗಿದಾಗ ಮೇವಿಸ್ ಒಂದು ದಪ್ಪ ರಟ್ಟು ಹುಡುಕಿ ತಂದಳು. ಕಪ್ಪು ಮಾರ್ಕರ್ ಹಿಡಿದು ಹದಿನೇಳನೇ ನಿಯಮದ ಕೊನೆಯ ಸಾಲನ್ನು ಅದರ ಮೇಲೆ ಬರೆದಳು. ಕೆಳಗೆ 'ದಯವಿಟ್ಟು ಕೇಳಿ' ಎಂದು ಸೇರಿಸಿದಳು. ಬಾಗಿಲಿಗೆ ಪಿನ್ನು ಚುಚ್ಚುವಾಗ ಹಿಂದಿನಿಂದ ಐವಿಯ ದನಿ ಬಂತು. ಒಂದು ವರ್ಷದ ನಂತರ ಮೊದಲ ಮಾತು.

"ಇದು ಹೋದ ವರ್ಷಾನೂ ಇತ್ತಾ?"

"ಇತ್ತು."

"ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು ಐವಿ. ಓದದೇ ಇರೋರಿಗೆ ಹೇಳೋದು ನನ್ ಕೆಲಸ ಅಲ್ಲ ಅಂದ್ಕೊಂಡಿದ್ದೆ. ತಪ್ಪಾಯ್ತು."

ಐವಿಯ ಮೂಗಿನ ಹೊಳ್ಳೆ ಅರಳಿತು. ಬೈಯಲು ಬಾಯಿ ತೆರೆದವಳಿಗೆ ಇನ್ನೇನೋ ಹೊಳೆಯಿತು. "ಮತ್ತೆ ಇವತ್ತು ನಿನ್ ಗಂಡ ಕೇಳಿದ್ನಲ್ಲ? ಅವನಿಗಾದ್ರೂ ಹೇಳ್ಬೋದಿತ್ತಲ್ಲೇ!"

"ನಿಮಗೆ ಹೇಳಿರ್ಲಿಲ್ಲವಲ್ಲ."

ಐವಿ ಮೇಜಿನ ಮೇಲಿದ್ದ ಇನ್ನೊಂದು ಪಿನ್ನು ತೆಗೆದು ರಟ್ಟಿನ ಆಚೆಯ ಮೂಲೆಗೆ ಚುಚ್ಚಿದಳು. "ಅಂತೂ ಮುಂದಿನ ವರ್ಷ ನಮ್ ಜೊತೆ ನಾಲ್ಕರಲ್ಲಿ. ಬನ್ನಿ ಬನ್ನಿ, ಜಾಗ ಬೇಕಾದಷ್ಟಿದೆ," ಎಂದು ಹೊರಟಳು.

ಮೇವಿಸ್ ತಿರುಗಿದಾಗ ವಿಲ್ಫ್ ನಿಂತಿದ್ದ, ಕಂಕುಳಲ್ಲಿ ಕೋಲಿನ ಪೆಟ್ಟಿಗೆ. ಎಲ್ಲವನ್ನೂ ಕೇಳಿಸಿಕೊಂಡಿದ್ದ. ರಟ್ಟಿನ ಮುಂದೆ ಹೋಗಿ, ಕಣ್ಣು ಕಿರಿದು ಮಾಡಿ, ಎರಡು ಸಲ ಓದಿದ. ಅವಳು ಬೈಗುಳಕ್ಕೆ ಕಾದಳು.

ವಿಲ್ಫ್ ಅವಳ ಕೈಗೆ ಮಾರ್ಕರ್ ಇಟ್ಟ.

"ಅಕ್ಷರ ಸಣ್ಣದಾಯ್ತು ಕಣೇ," ಎಂದ. "ಗಂಡಂದಿರಿಗೂ ಕಾಣೋ ಹಾಗೆ ಬರಿ."